ಎರಡು ಕಥೆಗಳ ಮಾಬ್ಲೇಶ್ವರ

ಎಪ್ಪತ್ತೊಂದರ ಯುದ್ಧದಲ್ಲಿ ನೌಕಾಪಡೆಯ ಹಡಗಿನಲ್ಲಿದ್ದ ಕಾರವಾರದ ಕೋಡಿಬಾಗದ ಮಾಬ್ಲೇಶ್ವರನ ಮನೆಗೆ, ಮೂವತ್ತು ವರ್ಷಗಳ ಮೇಲೂ, ದಿಲ್ಲಿಗೆ ಪಾಕಿಸ್ತಾನದ ಮೇಲೆ ಮುನಿಸು ಬಂದರೆ ಸನ್ಮಾನದ ಸಭೆಗೆ ಕರೆದೊಯ್ಯಲು ಸರ್ಕಾರಿ ಜೀಪು ಬರುತ್ತಿತ್ತು. ಮಾತುಕತೆ ಶುರುವಾದರೂ ಬರುತ್ತಿತ್ತು. ಪದಕಗಳನ್ನು ಹುಣಸೆಹಣ್ಣಿನಿಂದ ತಿಕ್ಕುತ್ತಲೇ ಅವನು, "ಯಾವ್ದು ಹೇಳ್ಲಿ ಸಾಹೇಬ್ರೆ, ಮುಳುಗಿಸಿದ್ದೋ, ಎತ್ತಿದ್ದೋ?" ಎಂದು ಕೇಳುತ್ತಿದ್ದ. ಮುನಿಸಿದ್ದರೆ ಶತ್ರುವಿನ ಹಡಗು ಮುಳುಗಿಸಿದ ಕಥೆ. ಸ್ನೇಹವಿದ್ದರೆ ಅದೇ ಹಡಗಿನ ಕೆಲವರನ್ನು ನೀರಿನಿಂದೆತ್ತಿ ಚಾ ಕುಡಿಸಿದ ಕಥೆ. ಎರಡೂ ನಿಜ, ಎರಡಕ್ಕೂ ಶಾಲು. ಹೆಂಡತಿ ಬೀರಿ ಕೋಳಿಗೂಡಿಗೂ ಸನ್ಮಾನದ ಶಾಲನ್ನೇ ಹೊದಿಸುತ್ತಿದ್ದಳು. ಒಮ್ಮೆ ಸನ್ಮಾನದ ಊಟಕ್ಕೆ ಹುರಿದ ಬಂಗಡೆ ಬಂದಾಗ ಅವನು ಎಲೆಗೆ ಕೈ ಅಡ್ಡ ಹಿಡಿದ. "ಕಾರವಾರದವರಾಗಿ ಮೀನು ತಿನ್ನೂದಿಲ್ವಾ?" ಎಂದು ಅಧಿಕಾರಿ ನಕ್ಕರು. "ಎತ್ತೂಕೆ ಆಗ್ದೇ ಬಿಟ್ಟವ್ರು ಸಮುದ್ರದಲ್ಲೇ ಉಳದ್ರಲ್ರಾ, ಸಾಹೇಬ್ರೆ," ಎಂದ ಮಾಬ್ಲೇಶ್ವರ. ಆಮೇಲೂ ಮುನಿಸಾಯಿತು, ಮಾತುಕತೆಯೂ ಆಯಿತು. ಕೋಡಿಬಾಗಕ್ಕೆ ಜೀಪು ಮಾತ್ರ ಬರಲಿಲ್ಲ.