ಐದು ಲಕ್ಷದಲ್ಲಿ ಒಂದು ಗುಂಡು ಬೀಜ

ನನ್ನ ಅತ್ತೆಯ ಬಲಗೈ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಇಪ್ಪತ್ತು ವರ್ಷ ಕಾಫಿ ಬೀಜ ಆರಿಸಿ ಆರಿಸಿ ಅಲ್ಲಿನ ಚರ್ಮ ಸವೆದ ಕಾಸಿನ ಹಾಗೆ ನುಣ್ಣಗಾಗಿತ್ತು. ಒಂದು ಸಲ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಗುಮಾಸ್ತ, “ಏನಮ್ಮ ಇದು, ಬರೀ ಮಸಿ ಬಿದ್ದಿದೆ” ಎಂದನಂತೆ. “ಒತ್ತು ಅಂದೆ, ಒತ್ತಿದೀನಿ. ಗೆರೆ ಬೇಕಿದ್ರೆ ನೀನೇ ಎಳ್ಕೋ” ಎಂದು ಹೇಳಿ ಎದ್ದು ಬಂದಿದ್ದರು.

ಮಾದಾಪುರದ ಹತ್ತಿರ ಕಾಫಿ ಹಸನು ಮಾಡುವ ಒಂದು ಶೆಡ್ಡಿತ್ತು. ಹೆಂಗಸರು ಸಾಲಾಗಿ ಕುಳಿತು, ಮುಂದೆ ಮೊರ ಇಟ್ಟುಕೊಂಡು ಬೀಜ ಬೇರೆ ಮಾಡಬೇಕು. ಕಾಫಿ ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಚಪ್ಪಟೆ ಬೀಜಗಳಿರುತ್ತವೆ. ಅಪರೂಪಕ್ಕೆ ಒಂದೇ ಬೀಜ ಬೆಳೆದು ಬಟಾಣಿಯಂತೆ ದುಂಡಗಾಗುತ್ತದೆ. ಅದಕ್ಕೆ ರೇಟು ಜಾಸ್ತಿ. ಕಪ್ಪಾದದ್ದು, ಒಡೆದದ್ದು, ಹುಳ ತಿಂದದ್ದು ಕಸ. ಅತ್ತೆಗೆ ಲೋಕದಲ್ಲಿ ಇದ್ದದ್ದು ಈ ಮೂರೇ ಜಾತಿ: ಗುಂಡು, ಚಪ್ಪಟೆ, ಕಸ. ಮನುಷ್ಯರನ್ನೂ ಹಾಗೇ ಆರಿಸುತ್ತಿದ್ದರು. ಬಹಳ ಮಂದಿ ಕಸಕ್ಕೇ ಹೋಗುತ್ತಿದ್ದರು. ಯಾರ ಹೆಸರಾದರೂ ಬಂದರೆ ತಲೆ ಎತ್ತದೆ, ಎರಡು ಬೆರಳಲ್ಲಿ ಏನನ್ನೋ ಪಕ್ಕಕ್ಕೆ ಚಿಮ್ಮಿದಂತೆ ಮಾಡುವರು. ಅಲ್ಲಿಗೆ ಆ ಮನುಷ್ಯನ ಕಥೆ ಮುಗಿಯಿತು. ಮದುವೆಯಾಗಿ ಬಂದ ಹೊಸತರಲ್ಲಿ ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, ಯಾವ ಗುಂಪಿಗೂ ಸೇರಿಸದೆ ಸುಮ್ಮನೆ ಬಿಟ್ಟಿದ್ದರು. ಅದನ್ನೇ ನಾನು ದೊಡ್ಡ ಮರ್ಯಾದೆ ಎಂದುಕೊಂಡೆ.

ಆಗ ಕೊಡಗು ಬೇರೆಯೇ ರಾಜ್ಯ. ಸರ್ಕಾರವೆಲ್ಲ ಮಡಿಕೇರಿಯಲ್ಲೇ. ನನ್ನ ತವರು ಶಿರಂಗಾಲ. ಅಪ್ಪನ ಕಾಲಕ್ಕೆ ಹಾಸನದ ಕಡೆಯಿಂದ ಬಂದು ರಾಗಿ, ಹೊಗೆಸೊಪ್ಪು ಬೆಳೆದುಕೊಂಡಿದ್ದವರು. ನಾನು ಎಂಟನೇ ಕ್ಲಾಸು ಪಾಸಾಗಿದ್ದೆ. ಟ್ರೈನಿಂಗಿಗೆ ಸೇರಿದರೆ ಟೀಚರಾಗಬಹುದು ಎಂದು ಯಾರೋ ಹೇಳಿದ್ದರಿಂದ ಅಪ್ಪ ಒಂದು ಜೊತೆ ಹೋರಿ ಮಾರಿ ನೂರಿಪ್ಪತ್ತು ರೂಪಾಯಿ ಕೊಟ್ಟಿದ್ದ. ಹಾಸ್ಟೆಲಿಗೆ, ಪುಸ್ತಕಕ್ಕೆ, ಎರಡು ಸೀರೆಗೆ ಅಂತ. ಆ ಹಣ ನನ್ನ ತಗಡಿನ ಪೆಟ್ಟಿಗೆಯಲ್ಲಿತ್ತು. ಜೂನಿಗೆ ಸೇರಬೇಕು. ಸೊಸೆ ಓದಲು ಹೋಗುವುದೆಂದರೆ ಕೇರಿಯವರು ಬಾಯಿಗೆ ಬಂದದ್ದು ಆಡಿದರು. ಅತ್ತೆ ಮಾತ್ರ, “ಬೀಜ ನೋಡ್ಕಂಡು ಕೂರಾಕೆ ಮನೆಗೊಬ್ಳು ಸಾಕು” ಎಂದು ಮುಗಿಸಿಬಿಟ್ಟರು.

ಏಪ್ರಿಲಿನ ಒಂದು ಸಂತೆಗೆ ಲಾಟರಿ ಏಜೆಂಟ ಬಂದ. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಬಗಲಲ್ಲಿ ಚರ್ಮದ ಚೀಲ, ಬಾಯಲ್ಲಿ ಏಲಕ್ಕಿ. ಎಲ್ಲೋ ದೂರದ ಪಟ್ಟಣದ ಕುದುರೆ ರೇಸಿನ ಲಾಟರಿಯಂತೆ. ಟಿಕೀಟಿಗೆ ಒಂದು ರೂಪಾಯಿ, ಅಂದರೆ ನಮ್ಮ ಹೆಂಗಸರ ಒಂದು ದಿನದ ಕೂಲಿಗಿಂತ ಜಾಸ್ತಿ. ಮೊದಲ ಬಹುಮಾನ ಒಂದು ಲಕ್ಷ. “ಐದು ಲಕ್ಷ ಟಿಕೀಟು ಅಚ್ಚು ಹಾಕಿಸಿದ್ದೇವೆ ಸ್ವಾಮಿ, ಹುಡುಗಾಟವಲ್ಲ” ಎಂದು ಎದೆ ತಟ್ಟಿಕೊಂಡು ಹೇಳಿದ. ಕೇಳಿದ ಗಂಡಸರೆಲ್ಲ ಬಾಯಿಬಿಟ್ಟು ನಿಂತರು. ಐದು ಲಕ್ಷ ಜನ ಸೋಲಬೇಕು ಎಂದು ಅವನೇ ಹೇಳುತ್ತಿದ್ದಾನೆ; ಇವರ ಕಿವಿಗೆ ಅದು ಕಂಪನಿಯ ದೊಡ್ಡಸ್ತಿಕೆಯಾಗಿ ಕೇಳಿಸಿತು. ಇಂಥ ತಲೆಗಳಿಗೆ ಟೋಪಿ ಬೇರೆ ಹಾಕಿಕೊಂಡು ತಿರುಗುತ್ತಿದ್ದರು.

ಅವರಲ್ಲಿ ಮೊದಲನೆಯವರು ನನ್ನ ಯಜಮಾನರು. ಎಸ್ಟೇಟಿನ ಕಣದಲ್ಲಿ ಕಾಫಿ ಅಳೆಯುವ ಕೆಲಸ ಅವರದು. ಕೆಲಸ ಮುಗಿದ ಮೇಲೆ ಕಾಕನ ಚಾ ಅಂಗಡಿಯಲ್ಲಿ ಕೂಟ. ಮಲಯಾಳದ ಕಡೆಯ ಆ ಕಾಕ ಒಳ್ಳೆಯ ಮನುಷ್ಯ, ಆದರೆ ನಂಬರು ಹುಡುಕುವುದರಲ್ಲಿ ಎಲ್ಲರಿಗಿಂತ ದೊಡ್ಡ ಹುಚ್ಚ. ಕನಸಲ್ಲಿ ಕರು ಕಂಡರೆ ನಾಲ್ಕು, ಹಾವು ಕಂಡರೆ ಏಳು. ಸೋಮವಾರಪೇಟೆಯ ಬಸ್ಸು ಬಂದು ನಿಂತರೆ ನಾಲ್ಕು ಜನ ದೊಡ್ಡ ಗಂಡಸರು ಅದರ ಹಿಂಭಾಗದ ನಂಬರನ್ನು ದೇವರ ಮುಖ ನೋಡುವ ಹಾಗೆ ನೋಡುತ್ತ ನಿಂತಿರುತ್ತಿದ್ದರು. ಹಣ ಬರುವ ಮೊದಲೇ ಖರ್ಚು ಶುರುವಾಗಿತ್ತು. ಯಜಮಾನರು ಮಾತಿನಲ್ಲೇ ಎಸ್ಟೇಟು ಕೊಂಡು, ಲೆಕ್ಕ ಬರೆಯುವ ರೈಟರನ್ನು ಕೆಲಸದಿಂದ ತೆಗೆದು, ಜೀಪು ತರಿಸಿದ್ದರು. ಜೀಪಿಗೆ ಹಸಿರು ಬಣ್ಣವೋ ನೀಲಿಯೋ ಎಂದು ಕಾಕನೊಂದಿಗೆ ಮಾತು ಬಿಟ್ಟು ಎರಡು ದಿನ ಚಾ ಕುಡಿಯಲಿಲ್ಲ. ನನಗೆ ನಗು ಬರಲಿಲ್ಲ, ಹೇಸಿಗೆಯಾಯಿತು.

ಒಂದು ಟಿಕೀಟು, ಎರಡು ಟಿಕೀಟು ಎಂದು ತೆಗೆದುಕೊಳ್ಳುತ್ತಿದ್ದ ಯಜಮಾನರು ಮೇ ತಿಂಗಳಲ್ಲಿ ಹೊಸ ಜ್ಞಾನ ಹೊತ್ತು ಬಂದರು. ಊಟಕ್ಕೆ ಕುಳಿತಾಗ ನನ್ನ ಪೆಟ್ಟಿಗೆಯ ಕಡೆ ನೋಡುತ್ತ ತಾಯಿಗೆ ಹೇಳಿದರು:

“ಅವ್ವ, ಒಂದೊಂದು ತಗಂಡ್ರೆ ಏನೂ ಆಗಲ್ಲ. ನೂರು ಟಿಕೀಟು ಒಟ್ಟಿಗೆ ತಗಬೇಕು. ಆಗ ನೂರು ಪಾಲು ಗ್ಯಾರಂಟಿ. ಏಜೆಂಟ್ರು ಲೆಕ್ಕ ಹಾಕಿ ತೋರಿಸಿದ್ರು.”

“ನೂರು ರೂಪಾಯಿ ನಿಂಗೆ ಯಾರ್ಲಾ ಕೊಡ್ತಾರೆ?”

“ಇವಳ್ದು ಐತಲ್ಲ. ಲಕ್ಷ ಬಂದ್ರೆ ಇವಳು ಯಾಕೆ ಓದಬೇಕು, ಇವಳೇ ಇಸ್ಕೂಲು ಕಟ್ಟಿಸ್ಲಿ.”

ಗಂಡ ಕೇಳಿದರೆ ಕೊಡುವುದಿಲ್ಲ ಎನ್ನುವ ಕಾಲ ಅದಲ್ಲ. ಇವರು ಕೆಟ್ಟವರೂ ಅಲ್ಲ, ಹೊಡೆದು ಕಿತ್ತುಕೊಳ್ಳುವವರಲ್ಲ. ದಿನಾ ಕೇಳುತ್ತಾರೆ, ಮುಖ ಸಣ್ಣದು ಮಾಡುತ್ತಾರೆ, ನೆಂಟರ ಕೈಲಿ ಹೇಳಿಸುತ್ತಾರೆ. ಜೂನಿನ ಒಳಗೆ ನಾನೇ ಬೇಸತ್ತು ಪೆಟ್ಟಿಗೆಯ ಬೀಗ ತೆಗೆದುಕೊಡುತ್ತೇನೆ ಎಂಬುದು ನನಗೆ ಗೊತ್ತಿತ್ತು.

ಅತ್ತೆ ಕೈ ತೊಳೆದು ಬಂದು ನನ್ನ ಮುಂದೆ ಒಂದು ಪಾವು ಕಾಫಿ ಬೀಜ ಸುರಿದರು. “ಎಣಿಸವ್ವ ಇದ್ನ. ನಂಗೆ ನೂರರ ಮೇಲೆ ಲೆಕ್ಕ ಬರಲ್ಲ.”

ಎಣಿಸಿದೆ. ಹೆಚ್ಚುಕಡಿಮೆ ಸಾವಿರ ಬಂತು.

“ಐದು ಲಕ್ಷ ಅಂದ್ರೆ ಇಂಥವು ಎಷ್ಟು ಪಾವು?”

“ಐನೂರು ಪಾವು ಅತ್ತೆ. ನೂರಿಪ್ಪತ್ತೈದು ಸೇರು.”

“ಅಂದ್ರೆ ಶೆಡ್ಡಿನ ಒಂದು ಚೀಲ ತುಂಬ್ತದೆ.” ಮಗನ ಕಡೆ ತಿರುಗಿದರು. “ಇವ್ನ ನೂರು ಟಿಕೀಟು ಎಷ್ಟಾಯ್ತು, ಅದ್ನೂ ಎಣಿಸು.” ನೂರು ಬೀಜ ಎಣಿಸಿ ಅತ್ತೆಯ ಅಂಗೈಗೆ ಹಾಕಿದೆ. ಮುಷ್ಟಿ ಮುಚ್ಚಿದರು. “ಹಿಡೀನೂ ತುಂಬಲ್ಲ ಕಣೋ. ಇದ್ನ ಹಿಡ್ಕಂಡು ಒಂದು ಚೀಲದ ಎದುರಿಗೆ ಜೂಜಾಡಾಕೆ ಹೊಂಟಿದೀಯ.”

ಇದಕ್ಕಿಂತ ಚೆನ್ನಾಗಿ ಲಾಟರಿಯ ಲೆಕ್ಕವನ್ನು ಆಮೇಲೆ ಯಾವ ಪುಸ್ತಕದಲ್ಲೂ ನಾನು ಓದಿಲ್ಲ. ಯಜಮಾನರಿಗೆ ಮಾತ್ರ ಅದು ತಲೆಗೆ ಹೋಗಲಿಲ್ಲ. “ಬೀಜ ಬೇರೆ, ಅದೃಷ್ಟ ಬೇರೆ” ಎಂದರು. ಅತ್ತೆಗೆ ರೇಗಿತು. ರೇಗಿದಾಗ ಅವರು ದನಿ ಎತ್ತುವವರಲ್ಲ, ಪಂಥ ಕಟ್ಟುವವರು. ಅವರ ಅಷ್ಟೂ ಬುದ್ಧಿವಂತಿಕೆಗೆ ಇದ್ದ ಒಂದೇ ತೂತು ಅದು.

ಮುಂದಿನ ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಚಾಪೆ ಹಾಕಿದರು. ಕಾಕ ಬಂದ, ಅಕ್ಕಪಕ್ಕದವರು ಬಂದರು, ಎಲ್ಲಿಂದಲೋ ವಾಸನೆ ಹಿಡಿದು ಏಜೆಂಟನೂ ಬಂದ. ಹಿತ್ತಲ ಗಿಡದ ಕಾಫಿ, ಮನೆಯಲ್ಲೇ ಕುಟ್ಟಿ ಹಸನು ಮಾಡಿದ್ದು. ಗುಂಡು ಬೀಜವನ್ನೆಲ್ಲ ಮೊದಲೇ ಆರಿಸಿ ತೆಗೆದಿದ್ದರು. ಅವರ ಕೈಗೆ ಸಿಕ್ಕ ಕಾಫಿ ಹಾಗಲ್ಲದೆ ಇರುತ್ತಿರಲಿಲ್ಲ. ಒಂದು ಸೇರು ಚಪ್ಪಟೆ ಬೀಜವನ್ನು ಮೊರಕ್ಕೆ ಸುರಿದು, ಒಂದೇ ಒಂದು ಗುಂಡು ಬೀಜವನ್ನು ಎಲ್ಲರಿಗೂ ತೋರಿಸಿ ಅದರೊಳಗೆ ಬೆರೆಸಿದರು.

“ಅಲ್ಲಿ ಐದು ಲಕ್ಷ. ಇಲ್ಲಿ ನಾಲ್ಕೇ ಸಾವಿರ. ಹೆತ್ತವಳು ಅಂತ ರಿಯಾಯ್ತಿ ಕೊಟ್ಟಿದೀನಿ. ಕಣ್ಣು ಕಟ್ಕಂಡು ಒಂದು ಬೀಜ ತೆಗಿ. ಗುಂಡು ಬಂದ್ರೆ ನೂರು ಟಿಕೀಟಿನ ದುಡ್ಡು ನಿಂಗೆ ಸಿಕ್ತದೆ. ಬರದಿದ್ರೆ ಸೊಸೆ ಪೆಟ್ಟಿಗೆ ಕಡೆ ನೀನು ತಿರುಗಿ ನೋಡಂಗಿಲ್ಲ.”

ಆ ದುಡ್ಡು ಯಾರದು ಎಂದು ಅತ್ತೆಯೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಮನೆಯಲ್ಲಿ ಇದ್ದ ದುಡ್ಡು ನನ್ನದೊಂದೇ.

ಯಜಮಾನರು ಕಣ್ಣಿಗೆ ಟವೆಲು ಕಟ್ಟಿಕೊಂಡು, ಮೊರವನ್ನು ತೊಡೆಯ ಮೇಲಿಟ್ಟುಕೊಂಡರು. ಇದ್ದಬದ್ದ ದೇವರ ಹೆಸರೆಲ್ಲ ಹೇಳಿದರು. ಆಮೇಲೆ ಮೊರವನ್ನು ತಮ್ಮ ಕಡೆಗೆ ಸ್ವಲ್ಪ ವಾಲಿಸಿ ಎರಡು ಸಲ ಮೆಲ್ಲಗೆ ಕುಲುಕಿದರು. ಆಗ ನನಗೆ ಕಂಡಿತು. ಚಪ್ಪಟೆ ಬೀಜ ಮೊರದಲ್ಲಿ ಇದ್ದಲ್ಲೇ ಉಳಿಯುತ್ತದೆ. ಗುಂಡು ಬೀಜ ಉರುಳುತ್ತದೆ. ಬೀಜ ಆರಿಸುವವರು ದಿನಾ ಮಾಡುವ ಉಪಾಯವೇ ಅದು. ನನ್ನ ಯಜಮಾನರು ಮಾತು ಬರುವ ಮೊದಲೇ ಆ ಶೆಡ್ಡಿನಲ್ಲಿ ತಾಯಿಯ ಪಕ್ಕ ಕುಳಿತು ಬೆಳೆದವರು. ಗುಂಡು ಬೀಜ ಉರುಳಿ ಬಂದು ಮೊರದ ಅಂಚಿಗೆ ನಿಂತಿತು. ಅವರು ಅಂಚಿಗೇ ಬೆರಳು ಹಾಕಿ, ಒಂದೇ ಸಲಕ್ಕೆ, ಅದನ್ನೇ ಎತ್ತಿ ಹಿಡಿದರು.

ಅಂಗಳದಲ್ಲಿ ಏನು ಗಲಾಟೆ ಅಂತೀರಿ. ಕಾಕ ಕುಣಿದೇಬಿಟ್ಟ. “ಅಮ್ಮಾ, ನಿಮ್ಮ ಮಗಂದು ಕೈ ಅಲ್ಲ, ಭಾಗ್ಯದ ಪೆಟ್ಟಿಗೆ” ಎಂದ. ಏಜೆಂಟ ಆಗಲೇ ಚೀಲದ ಬಕಲು ತೆಗೆಯುತ್ತಿದ್ದ. ನಾನು ಮೋಸ ಎಂದು ಕೂಗಬೇಕೆಂದು ಬಾಯಿ ತೆರೆದೆ. ಅತ್ತೆ ನನ್ನನ್ನು ಒಂದೇ ಒಂದು ಸಲ ನೋಡಿದರು. ನೋಟದಲ್ಲಿ ಸುಮ್ಮನಿರು ಎಂದಿತ್ತು. ಬಾಯಿ ಮುಚ್ಚಿಕೊಂಡೆ.

ಅವರು ನಿಧಾನವಾಗಿ ಕಿವಿಗೆ ಕೈ ಹಾಕಿ ಓಲೆಯ ತಿರುಪು ಬಿಚ್ಚಿದರು. ಕೆಂಪು ಕಲ್ಲಿನ ಜೋಡಿ ಓಲೆ. ಮಾವ ಹೋದ ಮೇಲೆ ಅವರ ಮೈಮೇಲೆ ಉಳಿದಿದ್ದ ಬಂಗಾರ ಅದೊಂದೇ. “ಪಂಥ ಕಟ್ಟಿದ್ದು ನಾನು. ಸೊಸೆ ಅಲ್ಲ” ಎಂದು ಮಗನ ಕೈಗೆ ಹಾಕಿದರು. ಮಗ ಎರಡು ಕ್ಷಣ ತಡೆದರು. ತಡೆದು, ಆಮೇಲೆ ತೆಗೆದುಕೊಂಡರು. ಅರವತ್ತು ವರ್ಷ ಆಗುತ್ತ ಬಂತು, ಆ ಮನುಷ್ಯ ನನಗೆ ಒಳ್ಳೆಯದನ್ನೂ ಮಾಡಿದ್ದಾರೆ, ಈಗ ಇಲ್ಲ. ಆದರೂ ಆ ತೆಗೆದುಕೊಂಡ ಕೈಯನ್ನು ನಾನು ಕ್ಷಮಿಸಿಲ್ಲ.

ಮೊರ ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿ ಅತ್ತೆ ಮಗನ ಕಿವಿಯ ಹತ್ತಿರ ಹೇಳಿದ್ದು ನನಗೂ ಕೇಳಿಸಿತು. “ಒಂದು ತಿಳ್ಕ. ಅಲ್ಲಿ ಟಿಕೀಟು ಯಾವ್ದೂ ದುಂಡಗಿರಲ್ಲ.”

ಯಜಮಾನರ ಮುಖ ಬಿಳುಚಿಕೊಂಡಿತು. ಆದರೆ ಎಷ್ಟು ಹೊತ್ತು? ಸಂಜೆಯ ಹೊತ್ತಿಗೆ ತಾವೇ ಮೊರ ಕುಲುಕಿದ್ದನ್ನು ಮರೆತಿದ್ದರು. ವಾರದೊಳಗೆ ದೇವರೇ ಬೀಜ ಕೊಟ್ಟ ಎಂದು ನಂಬಿದ್ದರು. ಸ್ವಂತ ಮೋಸಕ್ಕೆ ಸ್ವಂತವೇ ಬಿದ್ದವರನ್ನು ನಾನು ಕಂಡದ್ದು ಅದೇ ಮೊದಲು. ಓಲೆ ಬಂಗಾರದ ಅಂಗಡಿಯ ಶೆಟ್ಟರ ತಕ್ಕಡಿಗೆ ಹೋಯಿತು, ನೂರು ಟಿಕೀಟು ದೇವರ ಪಟದ ಹಿಂದೆ ಕುಳಿತವು. ಅವರು ಜೀಪಿನ ಬಣ್ಣದ ಯೋಚನೆಯಲ್ಲಿದ್ದಾಗ ನಾನು ತಗಡಿನ ಪೆಟ್ಟಿಗೆ ಹೊತ್ತು ಬಸ್ಸು ಹತ್ತಿದೆ. ಅತ್ತೆ ಬಸ್ಸಿನವರೆಗೆ ಬಂದು, “ಪೆಟ್ಟಿಗೆ ಮೇಲೆ ಹಾಕ್ಸಬೇಡ, ಕಾಲತ್ರ ಇಟ್ಕ” ಎಂದರು. ಅಷ್ಟೇ.

ಜುಲೈನಲ್ಲಿ ಲಾಟರಿ ಎತ್ತಿದರು. ನೂರಕ್ಕೆ ನೂರೂ ಹೋಯಿತು. ಇನ್ನೇನು ಆಗಬೇಕಿತ್ತು? ರಜಕ್ಕೆ ಬಂದಾಗ ಯಜಮಾನರು ನನ್ನನ್ನು ಕೂರಿಸಿಕೊಂಡು, ಒಂದೇ ಅಂಕಿಯಲ್ಲಿ ತಪ್ಪಿತು ಎಂದು ಟಿಕೀಟು ತೋರಿಸಿದರು. ಕಣ್ಣಲ್ಲಿ ನೀರು ಬೇರೆ. ಒಳಗಿಂದ ಅತ್ತೆ ಕೇಳಿದರು: “ಗುಂಡು ಬೀಜದ ಪಕ್ಕ ಕುಂತಿತ್ತು ಅಂತ ಚಪ್ಪಟೆ ಬೀಜಕ್ಕೆ ಯಾರಾದ್ರೂ ಗುಂಡಿನ ರೇಟು ಕೊಡ್ತಾರೇನ್ಲಾ?” ಏಜೆಂಟ ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಕಾಕ ಅಂಗಡಿಯಲ್ಲಿ ತಾನು ನಂಬರು ಬರೆದಿದ್ದ ಗೋಡೆಗೆ ಸುಣ್ಣ ಹೊಡೆದ; ಮಾರನೇ ವರ್ಷ ಬೇರೆ ಏಜೆಂಟ ಬಂದಾಗ ಅದೇ ಗೋಡೆಯ ಮೇಲೆ ಮತ್ತೆ ಬರೆದ.

ನನಗೆ ಕೆಲಸ ಸಿಕ್ಕಿ, ಕೆಲವು ತಿಂಗಳ ಸಂಬಳ ಕೂಡಿಟ್ಟು ಓಲೆ ತಂದೆ. ಅತ್ತೆ ಕೈಯಲ್ಲಿ ತೂಗಿ ನೋಡಿ, ಒಳ್ಳೆಯದೇ ಎಂದು ಒಪ್ಪಿ ವಾಪಸು ಕೊಟ್ಟರು. “ಕಿವಿ ತೂತು ಮುಚ್ಕಂಡೈತೆ. ಈ ವಯಸ್ಸಲ್ಲಿ ಇನ್ನೊಂದ್ಸಲ ಚುಚ್ಚಿಸ್ಕಳಕೆ ನಂಗೇನು ಹುಚ್ಚ? ನೀನೇ ಹಾಕ್ಕ. ಬೋಳುಕಿವಿ ಟೀಚರ್ರು ಅಂದ್ರೆ ಮಕ್ಳು ಹೆದರಲ್ಲ.”

ಕೊನೆಯ ಕಾಲದಲ್ಲಿ ಅವರಿಗೆ ಉಬ್ಬಸ. ಕಾಫಿಯ ಸಿಪ್ಪೆಯ ಧೂಳು ಅಷ್ಟು ವರ್ಷ ಎದೆಗೆ ಹೋಗಿತ್ತು. ನಾನು ಶಾಲೆಗೆ ಮೂರು ದಿನ ರಜ ಹಾಕಿ ಪಕ್ಕದಲ್ಲಿ ಕುಳಿತಿದ್ದೆ. ನಾಲ್ಕನೆಯ ಬೆಳಿಗ್ಗೆ ಸ್ವಲ್ಪ ಸುಧಾರಿಸಿದಂತೆ ಕಂಡಾಗ, ಅಷ್ಟು ವರ್ಷ ನುಂಗಿಕೊಂಡಿದ್ದನ್ನು ಕೇಳಿದೆ.

“ಅತ್ತೆ, ಅವರು ಮೊರ ಕುಲುಕಿದ್ದು ನಿಮಗೂ ಕಂಡಿತ್ತಲ್ಲ. ಮೋಸ ಅಂತ ಯಾಕೆ ಹೇಳಲಿಲ್ಲ?”

ಉಸಿರು ತೆಗೆದುಕೊಂಡು, ಬಿಟ್ಟು, ಒಂದೊಂದೇ ಮಾತು ಹೇಳಿದರು.

“ಅಂದಿದ್ರೆ ಇನ್ನೊಂದಾಟ ಅಂತಿದ್ದ. ಸೋತಿದ್ರೂ ಮಾರನೇ ದಿನ ಮತ್ತೆ ನಿನ್ನ ಪೆಟ್ಟಿಗೆ ಮುಂದೆ ಬಂದು ಕೂರ್ತಿದ್ದ. ಗೆದ್ದೋನು ಜುಲೈ ತನಕ ಕನಸು ಕಾಣ್ತಾ ಬಿದ್ದಿರ್ತಾನೆ. ನಿನ್ನ ಬಸ್ಸು ಜೂನಿಗಿತ್ತು.”

ನನಗೆ ಅಳು ಬಂತು. ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅವರು ಮುಖ ಗೋಡೆಯ ಕಡೆ ತಿರುಗಿಸಿಕೊಂಡು ಸಿಡುಕಿದರು.

“ಓಲೆ ಬಿಚ್ಕೊಟ್ಟಿದ್ದು ನೀನು ಇಲ್ಲಿ ಕುಂತು ಮೂಗು ಸುರಿಸ್ಲಿ ಅಂತ ಅಲ್ಲ. ನಡಿ, ಇಸ್ಕೂಲಿಗೆ ಹೊತ್ತಾಯ್ತು.”

ಹೋದೆ. ಮೂರನೇ ಕ್ಲಾಸಿಗೆ ಮಗ್ಗಿ ಹೇಳಿಕೊಡುತ್ತಿದ್ದಾಗ ಮನೆಯಿಂದ ಆಳು ಬಂತು.