ಬಾಯಿಗೂ ಕಿವಿಗೂ ಒಂದೇ ರಿಸೀವರ್

ಶೆಟ್ಟರ ಕಾಕಾ ಅವರ ಎಡಗಿವಿಯ ಸುತ್ತ ಸದಾ ಒಂದು ಕೆಂಪು ಗುರುತು. ಹಳೇ ಕಾಲದ ಟೆಲಿಫೋನ್ ರಿಸೀವರನ್ನು ಒತ್ತಿ ಒತ್ತಿ ಹಿಡಿದು ಆದದ್ದು. ನಾಗಪುರದ ಲಕ್ಷ್ಮೀ ನಗರದಲ್ಲಿ ನಮ್ಮ ಪಕ್ಕದ ಮನೆಯವರು. ಗದಗಿನಿಂದ ಬಂದು ಸೀರೆ ವ್ಯಾಪಾರ ಮಾಡಿದವರು. ಅಂಗಡಿ ಬಿಟ್ಟ ಮೇಲೆ ಈ ಹುಚ್ಚು ಹಿಡಿಯಿತು. ಹತ್ತಿರದ ಕಾಮಠಿ ಊರಿನ ಗುಜರಿಯಲ್ಲಿ ಸಿಕ್ಕ ರಿಸೀವರ್ ಬಿಚ್ಚಿ ನೋಡುವುದು, ಅದೇ ನಮೂನೆ ತಾವೇ ಮಾಡುವುದು.

"ಒಳಗೇನೈತಿ ಹೇಳು ತಮ್ಮಾ? ಒಂದು ಉದ್ದನ್ನ ಅಯಸ್ಕಾಂತ, ಅದರ ತುದಿಗೆ ರೇಷ್ಮಿ ಸುತ್ತಿದ ತಂತಿ, ಮುಂದ ತೆಳ್ಳನ್ನ ಕಬ್ಬಿಣದ ತಗಡು. ಬ್ಯಾಟರಿನೂ ಬ್ಯಾಡ!" ತಗಡು ಅಯಸ್ಕಾಂತಕ್ಕೆ ಹತ್ತಿರವಿರಬೇಕು, ತಾಗಬಾರದು. "ಬರೋಬರ್ ಕೂತಿಲ್ಲ" ಎಂದು ಆ ಕೂದಲೆಳೆಯಷ್ಟು ಸಂದಿಗಾಗಿ ಊಟ ಮರೆತು ಕಾಕಿಯಿಂದ ಬೈಸಿಕೊಳ್ಳುತ್ತಿದ್ದರು.

ತಮ್ಮ ಕೋಣೆಯಿಂದ ಅಡುಗೆಮನೆಗೆ ತಂತಿ ಎಳೆದು ಎರಡೂ ಕಡೆ ಒಂದೊಂದು ರಿಸೀವರ್ ತೂಗುಹಾಕಿದ್ದರು. ಮೊದಮೊದಲ ಟೆಲಿಫೋನುಗಳಂತೆ ಮಾತಾಡುವುದಕ್ಕೂ ಕೇಳುವುದಕ್ಕೂ ಅದೊಂದೇ. ಬಾಯಿಗೆ ಹಿಡಿದು ಹೇಳಿ, ಕೂಡಲೇ ಕಿವಿಗೆ ಹಿಡಿಯಬೇಕು. ಇಬ್ಬರೂ ಬಾಯಿಗೆ ಹಿಡಿದರೆ ಯಾರಿಗೂ ಏನೂ ಕೇಳಿಸದು. ಗಂಡ ಹೆಂಡತಿ ದಿನಾ ಹಾಗೇ ಮಾಡಿ ಜಗಳವಾಡುತ್ತಿದ್ದರು. "ಮೊದಲ ಕಿವಿಗಿ ಹಿಡೀರಿ!" ಎಂದು ಕಾಕಿ ಕೂಗಿದ್ದು ತಂತಿಯ ಹಂಗಿಲ್ಲದೆ ನಮ್ಮ ಮನೆಗೇ ಕೇಳುತ್ತಿತ್ತು.

ಕಳೆದ ದೀಪಾವಳಿಗೆ ಮುಂಚೆ ಒಂದು ಸಂಜೆ, "ಹೊಸ ತಗಡು ಹಾಕಿದ್ದೀರಂತೆ, ಮಾತಾಡಿ ತೋರಿಸಿ ಕಾಕಾ" ಎಂದು ಕೆಣಕಿದೆ. ಅಷ್ಟು ಸಾಕಾಯಿತು. ರಿಸೀವರ್ ಬಾಯಿಗೆ ಹಿಡಿದು ಅಡುಗೆಮನೆಯಲ್ಲಿದ್ದ ಕಾಕಿಗೆ ಚಹಾ ಹೇಳಿದರು, ನನ್ನನ್ನು ಹೊಗಳಿದರು, ಅಯಸ್ಕಾಂತದ ಗುಣಗಾನ ಮಾಡಿದರು. ಕಿವಿಗೆ ಹಿಡಿಯಲೇ ಇಲ್ಲ. ನಾನೂ ನಗುತ್ತ ಇನ್ನಷ್ಟು ಮಾತಾಡಿಸಿದೆ. ಚಹಾ ಬರಲಿಲ್ಲವೆಂದು ಇಬ್ಬರೂ ಎದ್ದು ಅಡುಗೆಮನೆಗೆ ಹೋದರೆ ಕಾಕಿ ನೆಲಕ್ಕೆ ಬಿದ್ದಿದ್ದರು. ರಿಸೀವರ್ ಅವರ ಬಾಯಿಯ ಹತ್ತಿರವೇ ಇತ್ತು.

ಪಾರ್ಶ್ವವಾಯು. ಜೀವ ಉಳಿಯಿತು, ಮಾತು ಹೋಯಿತು. "ಅಕಿ ಕರದಾಳ ತಮ್ಮಾ. ನಾ ಬಡಬಡ ಮಾತಾಡಕೋತ ಕುಂತಿದ್ದೆ" ಎಂದು ಕಾಕಾ ಆಸ್ಪತ್ರೆಯಲ್ಲಿ ಹಣೆ ಬಡಿದುಕೊಂಡರು. ಮಾತಾಡಿಸಿದವನು ನಾನು. ಅದನ್ನು ಅವರು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಆಮೇಲೆ ಕಾಕಾ ಮಾತೇ ಬಿಟ್ಟುಬಿಟ್ಟರು. ಅವರು ಗದಗಿಗೆ ಹೊರಡುವ ಹಿಂದಿನ ದಿನ, ತಪ್ಪಾಯಿತು ಎಂದು ಹೇಳಲೇಬೇಕೆಂದು ಹೋದೆ. ಹಾಸಿಗೆಯವರೆಗೂ ತಂತಿ ಎಳೆದಿದ್ದರು. ಒಂದು ರಿಸೀವರ್ ಕಾಕಿಯ ತುಟಿಯ ಬಳಿ, ಇನ್ನೊಂದು ಕಾಕಾ ಅವರ ಕಿವಿಗೆ. ಕಾಕಿ ಸ್ವಾಧೀನವಿದ್ದ ಒಂದೇ ಕೈಯಿಂದ ಅದನ್ನು ಮೆಲ್ಲಗೆ ತಮ್ಮ ಕಿವಿಗೆ ಸರಿಸಿಕೊಂಡು, ಗಂಡನತ್ತ ಗದ್ದ ಎತ್ತಿದರು. ನೀವು ಮಾತಾಡಿ ಎಂಬಂತೆ.

"ನಾಳಿ ಗದಗಕ್ಕ ಹೊಂಟೀವಿ. ಕೇಳಸ್ತೈತೇನು?" ಎಂದರು ಕಾಕಾ. ಎಂದವರೇ ಥಟ್ಟನೆ ರಿಸೀವರನ್ನು ಕಿವಿಗೊತ್ತಿಕೊಂಡು ಉಸಿರು ಬಿಗಿಹಿಡಿದು ಕೂತರು.

ನನ್ನ ಮಾತು ಗಂಟಲಿಗೆ ಬಂದಿತ್ತು. ಅವರು ಕೇಳುತ್ತಿದ್ದಾರಲ್ಲ ಎಂದು ಸದ್ದಾಗದಂತೆ ಬಾಗಿಲು ಎಳೆದುಕೊಂಡು ಬಂದುಬಿಟ್ಟೆ.