ಖಾಸ ಮಂದಿಗೆ ಮಾತ್ರ

ಮೊಬೈಲಿನ ಪರದೆಯ ನಟ್ಟನಡುವೆ ಒಂದು ಸಣ್ಣ ಚಕ್ರ ತಿರುಗುತ್ತದಲ್ಲ, ಅದನ್ನು ಕಂಡರೆ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಏರುತ್ತದೆ. ಬೀಸುವ ಕಲ್ಲು ತಿರುಗಿದರೆ ಹಿಟ್ಟಾದರೂ ಬೀಳುತ್ತದೆ. ಇದು ಸುಮ್ಮನೆ ತಿರುಗುತ್ತದೆ, ನೋಡುವವರ ತಲೆಯನ್ನೂ ತಿರುಗಿಸುತ್ತದೆ. ಯಾವ ಪುಣ್ಯಾತ್ಮ ಇದನ್ನು ಕಂಡುಹಿಡಿದನೋ, ಅವನಿಗೆ ಹೆಂಡತಿ ಮಕ್ಕಳು ಇದ್ದಿರಲಿಕ್ಕಿಲ್ಲ. ಇದ್ದಿದ್ದರೆ ಮನುಷ್ಯರನ್ನು ಇಷ್ಟು ಕಾಯಿಸುವ ಧೈರ್ಯ ಬರುತ್ತಿರಲಿಲ್ಲ.

ತಾಳ್ಮೆ ನನ್ನ ಹಣೆಯಲ್ಲಿ ಬರೆದದ್ದಲ್ಲ, ಒಪ್ಪಿಕೊಳ್ಳುತ್ತೇನೆ. ಬೀದರಿನ ಚಿದ್ರಿಯ ನಮ್ಮ ಮನೆಯಿಂದ ಭಾಲ್ಕಿಗೆ ಹೊರಟರೆ ನಡುದಾರಿಯ ಹಲಬರ್ಗಾ ಬರುವಷ್ಟರಲ್ಲೇ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನ ಬಾಗಿಲ ಬಳಿ ನಿಂತಿರುತ್ತೇನೆ. ನಾನು ಎದ್ದು ನಿಂತ ಮಾತ್ರಕ್ಕೆ ಭಾಲ್ಕಿಯೇನೂ ಎದುರು ಬಂದು ಕರೆದುಕೊಳ್ಳುವುದಿಲ್ಲ ಎಂದು ಗೊತ್ತು. ಗೊತ್ತಿದ್ದೂ ನಿಲ್ಲುತ್ತೇನೆ. ಔರಾದದಲ್ಲಿರುವ ನನ್ನ ಅಕ್ಕ ಚಿಕ್ಕಂದಿನಿಂದಲೂ ಒಂದೇ ಮಾತು ಹೇಳುತ್ತ ಬಂದಿದ್ದಾಳೆ: "ಸುಧಾ, ನಿನ್ನ ಕಾಲಿಗೆ ಭಿಂಗರಿ ಕಟ್ಯಾದ ನೋಡು." ಭಿಂಗರಿ ಅಂದರೆ ಮಕ್ಕಳು ಗಾಳಿಗೆ ಹಿಡಿದು ಓಡುವ ತಿರುಗುಣಿ. ಮರಾಠಿ ಬೆರೆತ ನಮ್ಮ ಮನೆಮಾತಿನಲ್ಲಿ, ಒಂದೆಡೆ ಕೂರಲಾಗದವರಿಗೆಲ್ಲ ಈ ಬಿರುದು. ಪರದೆಯ ಮೇಲಿನ ಚಕ್ರವನ್ನೂ ಅಕ್ಕ ಭಿಂಗರಿ ಎಂದೇ ಕರೆಯುತ್ತಾಳೆ. "ನಿನ್ನ ಕಾಲಾಗಿಂದು ಈಗ ಮೊಬೈಲದಾಗ ಹೋಗಿ ಕುಂತದ," ಎಂದು ನಗುತ್ತಾಳೆ.

ಇಂಥ ನನ್ನನ್ನು ಹಿಡಿದು ನಮ್ಮ ತಮ್ಮ ತನ್ನ ಮಗಳ ಮದುವೆಯ ಲೈವ್ ಕೆಲಸಕ್ಕೆ ಹಚ್ಚಿದ. ಮದುವೆ ಭಾಲ್ಕಿಯಲ್ಲಿ, ಗಂಡಿನವರು ಗಡಿಯಾಚೆಯ ಉದಗೀರದವರು. ಇನ್ನೇನು ಲಗ್ನ ಹತ್ತಿರ ಬಂತು ಎನ್ನುವಾಗ ಔರಾದದ ಅಕ್ಕ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಳು. ಗಾಡಿ ಹತ್ತುವ ಮಾತೇ ಇಲ್ಲ ಎಂದರು ಡಾಕ್ಟರು. ಹುಡುಗಿ ಅಂಜಲಿ ಸಾಲಿ ಕಲಿತದ್ದೆಲ್ಲ ಔರಾದದಲ್ಲಿ, ಅಕ್ಕನ ಮನೆಯಲ್ಲಿದ್ದುಕೊಂಡೇ. ಅವಳಿಗೆ ಜಡೆ ಹಾಕಿ, ಡಬ್ಬಿ ಕಟ್ಟಿ, ಪರೀಕ್ಷೆಯ ದಿನ ಮೊಸರು ಸಕ್ಕರೆ ತಿನ್ನಿಸಿ ಕಳಿಸಿದವಳು ಅಕ್ಕ. ಅಕ್ಕನಿಗೆ ಬೇರೆ ಮಕ್ಕಳಿಲ್ಲ. ಆಕೆ ಕೇಳಿದ್ದು ಒಂದೇ.

"ನಾ ಬರ್ಲಿಕ್ಕಾಗಲ್ಲ, ಅದಕ್ಕೇನು ಅಳಂಗಿಲ್ಲ. ಖರೆ, ಹುಡುಗಿ ತಲಿ ಮ್ಯಾಲ ಅಕ್ಕಿಕಾಳು ಬೀಳೋ ಹೊತ್ತಿಗೆ ನಂದೂ ನಾಲ್ಕು ಕಾಳು ಬೀಳಬೇಕು. ಟಿವಿ ಮ್ಯಾಲ ಬಿದ್ರೂ ನಡೀತದ."

ಅಕ್ಕಿಕಾಳು ಎಂದರೆ ಅಕ್ಷತೆ. ಹೆಸರಿಗೆ ಅಕ್ಕಿ, ನಮ್ಮ ಕಡೆ ಹಾಕುವುದು ಬಣ್ಣ ಹಚ್ಚಿದ ಜೋಳ. ತಿನ್ನುವುದೇ ಜೋಳದ ರೊಟ್ಟಿಯಾದಾಗ ಹರಸುವುದಕ್ಕೆ ಬೇರೆ ಕಾಳು ಯಾಕೆ?

ಅಂಜಲಿಯೂ ಅತ್ತೆಗೆ ತಕ್ಕ ಸೊಸೆ. ನನ್ನನ್ನು ಮೂಲೆಗೆ ಕರೆದು, "ಅತ್ತಿ, ಔರಾದ ಅತ್ತಿ ಅಕ್ಕಿಕಾಳು ಹಾಕಿದ್ಳು ಅಂತ ನೀ ಕೈ ಮಾಡಬೇಕು. ನೀ ಕೈ ಮಾಡಿದ ಮ್ಯಾಲೇ ನಾ ಮಾಲಿ ಹಾಕ್ತೇನಿ," ಎಂದಳು. ನಗುತ್ತಲೇ ಹೇಳಿದಳು, ಆದರೆ ಆ ಹುಡುಗಿಯ ಹಟ ನನಗೆ ಗೊತ್ತು. ಅಕ್ಕನ ಕೈಯಲ್ಲಿ ಬೆಳೆದದ್ದು.

ಲೈವ್ ವಿಷಯದಲ್ಲಿ ನನ್ನ ಪೂರ್ವಚರಿತ್ರೆ ಅಷ್ಟು ಒಳ್ಳೆಯದಲ್ಲ. ಒಮ್ಮೆ ಅಷ್ಟೂರಿನ ಗೋರಿ ಗುಮ್ಮಟಗಳ ಮುಂದೆ ನಿಂತು ದೂರದ ಗೆಳತಿಯರಿಗೆಲ್ಲ ನೇರಪ್ರಸಾರ ಮಾಡಿದ್ದೆ. ಸುಲ್ತಾನರು, ಗೋಡೆಯ ಬಣ್ಣ, ಕುಸುರಿ ಕೆಲಸ ಎಂದು ಗಂಟಲು ಒಣಗುವವರೆಗೆ ವರ್ಣಿಸಿದೆ. ಕ್ಯಾಮೆರಾ ನನ್ನ ಕಡೆಗೇ ತಿರುಗಿತ್ತಂತೆ. ಗೆಳತಿಯರು ಉದ್ದಕ್ಕೂ ನೋಡಿದ್ದು ನನ್ನ ಮೂಗನ್ನು. "ಗುಮ್ಮಟ ಛಲೋ ಅದ," ಎಂದು ಒಬ್ಬಳು ಬರೆದಿದ್ದಳು. ಇವತ್ತಿಗೂ ಅದು ಹೊಗಳಿಕೆಯೋ ಕುಚೋದ್ಯವೋ ತಿಳಿಯದು.

ಆದರೂ ನನ್ನನ್ನೇ ಆರಿಸಿದರು. ಕಾರಣ, ನಾನು ಬಹಳ ಕಾಲ ಕನ್ನಡ ಕಲಿಸಿದ ಟೀಚರು, ಮತ್ತು ನಮ್ಮ ಮನೆತನದಲ್ಲಿ ಕಲಿಸಿದವರಿಗೆ ಎಲ್ಲ ಬರುತ್ತದೆ ಎಂಬ ನಂಬಿಕೆ. ನಾನು ಅಭಿಮಾನಕ್ಕೆ ಬಿದ್ದು ಮೊಬೈಲಿನ ಭಾಷೆಯನ್ನೂ ಕನ್ನಡ ಮಾಡಿಟ್ಟುಕೊಂಡಿದ್ದೆ. ಲೈವ್ ಸಿದ್ಧ ಮಾಡುವಾಗ ಅದು ಕೇಳಿತು, ಯಾರು ನೋಡಬೇಕು: ಸಾರ್ವಜನಿಕವೋ, ಖಾಸಗಿಯೋ? ಸಾರ್ವಜನಿಕ ಎಂಬ ಮಾತು ಓದಿದ ಕೂಡಲೇ ನನ್ನ ಕಣ್ಣಿಗೆ ಕಟ್ಟಿದ್ದು ಬಸ್ ನಿಲ್ದಾಣದ ಶೌಚಾಲಯ. ಛೀ, ಮನೆ ಮಗಳ ಮದುವೆಗೆ ಅಂಥ ಬೋರ್ಡೇ? ತಮ್ಮನನ್ನು ಕೇಳಿದೆ. ಅವನು ಚಪ್ಪರದವನ ಜೊತೆ ಜಗಳದಲ್ಲಿದ್ದ, ತಿರುಗಿಯೂ ನೋಡದೆ ಹೇಳಿದ: "ಖಾಸ ಮಂದಿಗೇ ಇರ್ಲಿ ಬಿಡಕ್ಕಾ." ಖಾಸಗಿ ಒತ್ತಿದೆ.

ನೀವು ನಗಬಹುದು. ಆದರೆ ನಮ್ಮ ಕಡೆಯ ಖಾಸ ಎಂಥ ತೂಕದ ಮಾತು ಎಂಬುದನ್ನು ಮೊದಲು ಕೇಳಿ. 'ಇಕಿ ನನ್ನ ಖಾಸ ತಂಗಿ' ಎಂದರೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದವಳು. ದೊಡ್ಡಪ್ಪನ ಮಗಳಲ್ಲ, ಓಣಿಯ ಸಲುಗೆಯವಳಲ್ಲ. 'ಖಾಸ ನಿಮ್ಮ ಸಲುವಾಗಿ ಮಾಡೀನ್ರಿ' ಎಂದರೆ ಊಟಕ್ಕೆ ಕೂತವನು ಇನ್ನೊಂದು ಹೋಳಿಗೆ ಬೇಡ ಎನ್ನುವಂತಿಲ್ಲ. ಹಿಂದೆ ಅರಸರು ಆಮ್, ಅಂದರೆ ಸಾಮಾನ್ಯ, ಮಂದಿಗೊಂದು, ಖಾಸ ಮಂದಿಗೊಂದು ದರ್ಬಾರು ನಡೆಸುತ್ತಿದ್ದರು. ಅರಸರು ಅಷ್ಟೂರಿನ ಗುಮ್ಮಟಗಳಲ್ಲಿ ಮಲಗಿಬಿಟ್ಟರು, ಮಾತು ಮಾತ್ರ ನಮ್ಮ ಅಡುಗೆಮನೆಗೆ ಬಂದು ಕೂತಿತು. ಇನ್ನು ಖಾಸಗಿ ಎಂಬುದನ್ನೇ ತೆಗೆದುಕೊಳ್ಳಿ. ಖಾಸಗಿ ಬಸ್ಸು ಕೈ ಮಾಡಿದವರನ್ನೆಲ್ಲ ಹತ್ತಿಸಿಕೊಳ್ಳುತ್ತದೆ. ಖಾಸಗಿ ಸಾಲಿಯಲ್ಲಿ ಊರ ಮಕ್ಕಳೆಲ್ಲ ಓದುತ್ತಾರೆ. ಖಾಸಗಿ ದವಾಖಾನೆಯಂತೂ ಬಂದವರನ್ನು ಬೇಗ ಬಿಡುವುದೇ ಇಲ್ಲ. ಈ ಶಬ್ದಕ್ಕೆ ಬಾಗಿಲು ಹಾಕಿಕೊಂಡು ಒಬ್ಬರೇ ಕೂರುವುದು ಎಂಬ ಅರ್ಥ ನಮಗೆ ಎಲ್ಲಿಂದ ಹೊಳೆಯಬೇಕು?

ಹಿಂದಿನ ದಿನ ಪರೀಕ್ಷೆಯನ್ನೂ ಮಾಡಿದ್ದೆ. ನನ್ನ ಮೊಬೈಲಿನಿಂದ ಬಿಟ್ಟದ್ದನ್ನು ನನ್ನದೇ ಟ್ಯಾಬಿನಲ್ಲಿ ನೋಡಿದೆ. ಕನ್ನಡಿಯಲ್ಲಿ ಕಂಡಷ್ಟು ಸ್ವಚ್ಛ! ಹಾಗಾಗಿ ಮದುವೆಯ ದಿನ ಫಂಕ್ಷನ್ ಹಾಲಿನಲ್ಲಿ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಟ್ಯಾಬನ್ನು ಕಂಕುಳಲ್ಲಿಟ್ಟು, ಮಾತಾಡಲಿಕ್ಕೆಂದು ಇರುವ ನನ್ನ ಹಳೆಯ ಸಣ್ಣ ಫೋನಿನಿಂದ ಗತ್ತಿನಲ್ಲಿ ಔರಾದಕ್ಕೆ ಹಚ್ಚಿದೆ. ಲೈವಿನ ಲಿಂಕು ಅಕ್ಕನ ಮನೆಗೆ ಮೊದಲೇ ಕಳಿಸಿಯಾಗಿತ್ತು.

"ಕಾಣ್ಲತ್ತದೇನಕ್ಕಾ?"

"ಕರ್ರಗದ. ನಡುವ ಏನೋ ಬರದದ, ತಡಿ. ಈ ವಿಡಿಯೊ ಖಾಸಗಿ ಅದ ಅಂತ."

"ಹೌದಕ್ಕಾ, ಖಾಸ ನಿಮ್ಮ ಸಲುವಾಗೇ ಬಿಟ್ಟೀವಿ. ಬರ್ತದ, ತಡೀರಿ."

"ಹೌದೇನು!" ಅಕ್ಕನ ದನಿ ಅರಳಿತು. ಅಲ್ಲಿ ಕೂಡಿದ್ದ ನೆರೆಯ ಹೆಣ್ಣುಮಕ್ಕಳಿಗೆ ಆಕೆ ಹೇಳುವುದೂ ಕೇಳಿಸಿತು: "ನೋಡ್ರೇ, ಖಾಸ ನಮಗಂತ ಬರಿಸ್ಯಾರ."

ಬರಲಿಲ್ಲ. ಅಕ್ಕನ ಗಂಡ, ನಾವು ಮಾಮಾ ಎನ್ನುತ್ತೇವೆ, ಅಲ್ಲಿ ಟಿವಿಯನ್ನು ಆರಿಸಿ ಹಚ್ಚಿದರು, ಹಚ್ಚಿ ಆರಿಸಿದರು. ಮತ್ತೆ ಅದೇ ಕರಿ ಪರದೆ. ನನ್ನ ಟ್ಯಾಬಿನಲ್ಲೋ ಮಂಟಪ, ಬಾಳೆಕಂಬ, ಭಟ್ಟರ ಶಲ್ಯದ ಅಂಚು ಎಲ್ಲ ಝಗಝಗ. ಹಾಗಾದರೆ ದೋಷ ದಾರಿಯಲ್ಲೇ ಇರಬೇಕು! ಭಾಲ್ಕಿಗೂ ಔರಾದಕ್ಕೂ ನಡುವೆ ಎಲ್ಲೋ ನನ್ನ ವಿಡಿಯೊ ಕೆಟ್ಟು ನಿಂತ ಲಾರಿಯಂತೆ ಬಿದ್ದಿದೆ ಎಂದು ನಾನು ಚಡಪಡಿಸತೊಡಗಿದೆ.

ನಮ್ಮ ಜನಕ್ಕೆ ಮದ್ದು ಹೇಳುವುದು ರಕ್ತದಲ್ಲೇ ಬಂದಿದೆ. ಕೆಮ್ಮಿದವನಿಗೆ ಕಷಾಯ ಹೇಳದೆ ಬಿಡದವರು ಕಾಣದ ವಿಡಿಯೊಗೆ ಸುಮ್ಮನಿರುತ್ತಾರೆಯೇ? ಬಂದ್ ಮಾಡಿ ಚಾಲೂ ಮಾಡ್ರಿ ಎಂದರು ಒಬ್ಬರು. ಸ್ಟ್ಯಾಂಡನ್ನು ಕಿಟಕಿ ಕಡೆಗೆ ಸರಿಸಿದರು ಮತ್ತೊಬ್ಬರು. ಉದಗೀರದ ಹಿರಿಯರು ತಮ್ಮ ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು, "ಇಥಂ ರೇಂಜ್ ನಾಹೀ," ಇಲ್ಲಿ ರೇಂಜೇ ಇಲ್ಲ, ಎಂದು ಮರಾಠಿಯಲ್ಲಿ ತೀರ್ಪು ಕೊಟ್ಟರು. ನಾದಿನಿ ಒಳಗಿನಿಂದ ಉಪ್ಪು ಮೆಣಸಿನಕಾಯಿ ತಂದು ಮೊಬೈಲಿಗೆ ದೃಷ್ಟಿ ತೆಗೆದೇಬಿಟ್ಟಳು. ನಾನು ಕಿಟಕಿಗೂ ಮಂಟಪಕ್ಕೂ ನಡುವೆ ಓಡಿ ಓಡಿ ಸೀರೆಯ ನೆರಿಗೆ ಬಿಚ್ಚಿ, ಅದನ್ನು ಸಿಕ್ಕಿಸುತ್ತಲೇ ಓಡಿದೆ. ಕಾಲಿಗೆ ಭಿಂಗರಿ ಅಂದರೆ ಅವತ್ತಿನ ನನ್ನನ್ನು ನೋಡಬೇಕಿತ್ತು.

ಅಷ್ಟರಲ್ಲಿ ವಧೂವರರ ನಡುವೆ ಅಂತರಪಟ ಹಿಡಿದು ಮಂಗಲಾಷ್ಟಕ ಶುರುವಾಯಿತು. ಒಂದೊಂದು ಪದ್ಯ ಮುಗಿದಾಗಲೂ ಭಟ್ಟರು 'ಶುಭ ಮಂಗಲ ಸಾವಧಾನ' ಎನ್ನುತ್ತಾರೆ, ಒಂದು ಹಿಡಿ ಕಾಳು ಬೀಳುತ್ತದೆ. ಈ ಸಾವಧಾನ ಎಂಬುದು ಮಹಾ ತುಂಟ ಮಾತು. ಮರಾಠಿಯವರ ಕಿವಿಗೆ ಅದು 'ಹುಷಾರ್!' ಎಂದು ಕೇಳಿಸುತ್ತದೆ, ಕನ್ನಡದವರ ಕಿವಿಗೆ 'ನಿಧಾನ, ಅವಸರ ಬೇಡ' ಎಂದು. ಎರಡೂ ಭಾಷೆ ಆಡುವ ನಮ್ಮಂಥವರ ಮದುವೆಯಲ್ಲಿ ಒಂದೇ ಮಾತಿಗೆ ಅರ್ಧ ಜನ ಬೆಚ್ಚುತ್ತಾರೆ, ಅರ್ಧ ಜನ ಆಕಳಿಸುತ್ತಾರೆ. ಅವತ್ತು ನನಗೆ ಎರಡೂ ಅರ್ಥದ ಮೇಲೆ ಸಿಟ್ಟು. ಈ ಭಟ್ಟರು ಸ್ವಲ್ಪ ನಿಧಾನವಾಗಿಯಾದರೂ ಹಾಡಬಾರದೇ? ಪದ್ಯಗಳು ಮುಗಿಯುತ್ತ ಬಂದವು. ಅಂಜಲಿ ತಲೆ ಬಾಗಿಸಿಯೇ ಓರೆಗಣ್ಣಿನಲ್ಲಿ ನನ್ನನ್ನು ಹುಡುಕುತ್ತಿದ್ದಳು. ನಾನು ಕಣ್ಣು ತಪ್ಪಿಸಿದೆ.

ಆಗ ಫೋನಿನಲ್ಲಿ ಅಕ್ಕ ಮಾತಾಡಿದಳು. ಮೊದಲಿನ ಹಿಗ್ಗು ದನಿಯಲ್ಲಿ ಇರಲಿಲ್ಲ.

"ಸುಧಾ, ಖಾಸ ಮಂದಿಗೆ ಅಂತ ಬರದದ. ನನಗ ಕಾಣವಲ್ದು. ಹಂಗಾರ ನಾ ಖಾಸ ಅಲ್ಲೇನ?"

ಸೊಂಟ ಮುರಿದಾಗಲೂ ಅಳದವಳು ಈಗ ಮೂಗೆಳೆದುಕೊಂಡಳು. "ಹಂಗ ಅನಬ್ಯಾಡಕ್ಕಾ," ಎನ್ನುತ್ತಿರುವಾಗಲೇ ಆ ಪ್ರಶ್ನೆ ನನ್ನ ತಲೆಯಲ್ಲಿ ತಿರುಗಿತು. ಖಾಸ ಅಲ್ಲದವರಿಗೆ ಕಾಣುವುದಿಲ್ಲ. ಅಂದರೆ ಆ ಬರಹ ಸ್ವಾಗತವಲ್ಲ, ತಡೆ! ಮೊಬೈಲಿನ ಪಾಲಿಗೆ ಖಾಸ ಎಂದರೆ ನಾನೊಬ್ಬಳೇ. ಅದಕ್ಕೇ ನನ್ನದೇ ಖಾತೆಯಿರುವ ಟ್ಯಾಬಿನಲ್ಲಿ ಮಾತ್ರ ಮದುವೆ ಅಷ್ಟು ಚೆಂದ ಕಾಣುತ್ತಿದೆ. ಅಯ್ಯೋ ನನ್ನ ಕನ್ನಡವೇ!

ಟ್ಯಾಬ್ ತೆರೆದೆ. ಅವಸರದಲ್ಲಿ ಬೇರೆ ಏನನ್ನೋ ಒತ್ತಿದೆ, ಹಿಂದಕ್ಕೆ ಬಂದೆ, ಹುಡುಕಿದೆ, ಕೊನೆಗೆ ಖಾಸಗಿ ತೆಗೆದು ಸಾರ್ವಜನಿಕ ಮಾಡಿದೆ. "ಮಾಮಾ, ಮತ್ತೊಮ್ಮೆ ಹಚ್ಚರಿ!" ಎಂದು ಕೂಗಿದೆ. ಅದೇ ಗಳಿಗೆಗೆ ಮಂಟಪದಲ್ಲಿ ಕೊನೆಯ 'ಸಾವಧಾನ' ಕೇಳಿತು. ಅಂತರಪಟ ಸರಿಯಿತು, ಕಾಳಿನ ಮಳೆ ಬಿತ್ತು, ಬಾಜಾ ಮೊಳಗಿತು. ಮುಗಿಯಿತು. ಇಷ್ಟೆಲ್ಲ ಓಡಾಡಿ ಗಳಿಗೆ ತಪ್ಪಿಸಿದೆನಲ್ಲ ಎಂದು ನನಗೆ ಅಳುವೇ ಬಂತು.

ಫೋನಿನಲ್ಲಿ ಗದ್ದಲ. "ಬಂತು ಬಂತು!" ಎಂದು ಹೆಣ್ಣುಮಕ್ಕಳು. ಮಾಮಾ ಹೇಳಿದರು: "ಸುಧಾ, ಛಂದ ಕಾಣ್ಲತ್ತದವ್ವ. ಭಟ್ರು ಹಾಡ್ಲತ್ತಾರ."

"ಇನ್ನೂ ಹಾಡ್ಲತ್ತಾರೇನ್ರಿ?"

"ಹೌದಲ್ಲ. ಪರದಾ ಇನ್ನೂ ಹಿಡದೇ ಹಿಡದಾರ."

ಲೈವ್ ಅಂದರೂ ಅದು ಒಂದಿಷ್ಟು ತಡವಾಗಿಯೇ ಮುಟ್ಟುತ್ತದೆ. ಇಲ್ಲಿ ನಡೆದದ್ದು ಅಲ್ಲಿ ಕಾಣಲು ತುಸು ಹೊತ್ತು ಬೇಕು. ಆ ತಡಕ್ಕೆ ನಾನು ಎಷ್ಟು ಸಲ ಶಾಪ ಹಾಕಿದ್ದೆನೋ! ಭಾಲ್ಕಿಯಲ್ಲಿ ಮುಗಿದುಹೋದ ಗಳಿಗೆ ಔರಾದಕ್ಕೆ ಇನ್ನೂ ಬಂದಿರಲಿಲ್ಲ.

ಮಂಟಪದ ಕಡೆ ನೋಡಿದೆ. ಅಂಜಲಿಯ ಕೈಯಲ್ಲಿ ಮಾಲೆ, ಕಣ್ಣು ನನ್ನ ಮೇಲೆ. ಎಲ್ಲರೂ 'ಹಾಕು, ಹಾಕು' ಎಂದು ಅವಳ ಮೊಣಕೈ ದೂಡುತ್ತಿದ್ದಾರೆ. ನಾನು ಟ್ಯಾಬನ್ನು ಎದೆಗವಚಿಕೊಂಡು, ಇಡೀ ಜನ್ಮದಲ್ಲಿ ಯಾರಿಗೂ ಹೇಳದ ಮಾತನ್ನು ಬಾಜಾದ ಮೇಲೆ ಕೇಳುವಂತೆ ಕಿರುಚಿದೆ: "ಸಾವಧಾನ! ಸಾವಧಾನ!"

ಉದಗೀರದವರು ಬೆಚ್ಚಿಬಿದ್ದರು. ವರನ ಸೋದರಮಾವ ಹುಡುಗನನ್ನು ಹಿಂದಕ್ಕೆಳೆದು ಮೇಲಿನ ಫ್ಯಾನು ನೋಡಿದರು, ಅದೇ ಕಳಚಿ ಬೀಳುತ್ತಿದೆಯೇನೋ ಎಂಬಂತೆ. ನಮ್ಮವರು, "ಸಾವಕಾಶ ಅನ್ಲತ್ತಾಳ, ತಡೀರಿ, ತಡೀರಿ," ಎಂದರು. ಭಟ್ಟರು ಮಾತ್ರ ತಮ್ಮ ಕೆಲಸವನ್ನು ನಾನು ಕಸಿದುಕೊಂಡೆ ಎನ್ನುವ ಹಾಗೆ ದುರುಗುಟ್ಟಿದರು. ಏನೇ ಆಗಲಿ, ಮಾಲೆ ನಿಂತಿತು.

ಫೋನನ್ನು ಕಿವಿಗೆ ಒತ್ತಿ ಹಿಡಿದೆ. ದೂರದಲ್ಲಿ, ಔರಾದದ ಟಿವಿಯಲ್ಲಿ, ನಮ್ಮದೇ ಭಟ್ಟರು ಇನ್ನೊಮ್ಮೆ 'ಶುಭ ಮಂಗಲ ಸಾವಧಾನ' ಎಂದರು. ಪಟಪಟನೆ ಜೋಳ ಗಾಜಿಗೆ ಬಡಿದ ಸದ್ದು. ಆಮೇಲೆ ಅಕ್ಕ: "ಬಿದ್ದವು ನೋಡು ಸುಧಾ. ಹೂಂ, ಈಗ ಮಾಲಿ ಹಾಕಂತ ಹೇಳು ನನ್ನ ಕೂಸಿಗೆ."

ನಾನು ಕೈ ಮಾಡಿದೆ. ಅಂಜಲಿ ನಕ್ಕಳು, ಅತ್ತಳು, ಮಾಲೆ ಹಾಕಿದಳು.

ಸಂಜೆ ಅಕ್ಕನೇ ಫೋನು ಮಾಡಿದಳು. ಟಿವಿಯ ಸಂದಿಯಲ್ಲಿ ಕಾಳು ಸಿಕ್ಕಿಕೊಂಡಿವೆಯಂತೆ, ಮಾಮಾ ಕಡ್ಡಿ ಹಿಡಿದು ಕೂತಿದ್ದಾರಂತೆ. ಆಮೇಲೆ ಸ್ವಲ್ಪ ಆತಂಕದಲ್ಲಿ ಕೇಳಿದಳು: "ಅಲ್ಲ ಸುಧಾ, ಖಾಸಗಿ ತಗದು ಲೋಕಕ್ಕೆಲ್ಲ ಬಿಟ್ಟಿ. ಎಷ್ಟು ಮಂದಿ ನೋಡಿದ್ರೋ ಏನೋ?"

ಅದನ್ನು ನಾನು ಆಗಲೇ ನೋಡಿದ್ದೆ. ನೋಡುಗರ ಲೆಕ್ಕ ಪರದೆಯ ಮೂಲೆಯಲ್ಲೇ ಇತ್ತು. ಬಾಗಿಲನ್ನು ಹಾರು ಹೊಡೆದಿಟ್ಟರೂ ಜಗತ್ತಿನಿಂದ ಯಾರೂ ಬಂದಿರಲಿಲ್ಲ.

"ಒಂದೇ ಮನಿ ಅಕ್ಕಾ. ನಿಮ್ಮದು."

ಲೈನು ಹೋಯಿತೇನೋ ಎಂದು ಫೋನನ್ನು ಅಲುಗಿಸಲು ಹೊರಟವಳು, ಯಾಕೋ ಅಲುಗಿಸದೆ ಕಾದೆ.

"ಹಂಗಾರ ಖಾಸಗೀನೇ ಇತ್ತು ಬಿಡು," ಎಂದಳು ಅಕ್ಕ.